ಮೇಸ್ತ್ರಿ ಮುಚ್ಚಿದ ಬಿರುಕು

ಗೋಡೆಗೆ ಗಾರೆ ಮೆತ್ತಿ ನುಣ್ಣಗೆ ಎಳೆಯುವುದರಲ್ಲಿ ಮೇಸ್ತ್ರಿಯನ್ನು ಮೀರಿಸುವವರು ಆ ಊರಿನಲ್ಲಿ ಇರಲಿಲ್ಲ. ಮೂವತ್ತು ವರ್ಷ ಪಳಗಿದ ಕೈ. ಯಾರ ಮನೆಗೆ ಊಟಕ್ಕೆ ಹೋದರೂ ತಟ್ಟೆಗಿಂತ ಮೊದಲು ಗೋಡೆ ನೋಡುವ ಆಸಾಮಿ, ಎಲ್ಲಾದರೂ ಬಿರುಕು ಕಂಡರೆ ಸಾಕು, ಕೂತಲ್ಲಿ ಕೂರಲಾರ. "ನಾನೂ ಒಂದು ಗೋಡೆಯಾಗಿದ್ದಿದ್ರೆ ದಿನಕ್ಕೊಂದ್ಸಲ ನನ್ನ ಮುಖ ನೋಡ್ತಿದ್ರೇನೋ" ಎಂದು ಹೆಂಡತಿ ನೆರೆಯವರ ಮುಂದೆ ಆಡಿಕೊಳ್ಳುತ್ತಿದ್ದಳು.

ಭೂಕಂಪವಾದ ಮೇಲೆ ಅರ್ಧ ಊರು ಆಟದ ಮೈದಾನದ ಡೇರೆಗಳಿಗೆ ಬಂತು. ಮೇಸ್ತ್ರಿ, ಹೆಂಡತಿ, ಎಂಬತ್ತು ದಾಟಿದ ತಾಯಿ, ಮೂವರಿಗೂ ಒಂದೇ ಡೇರೆ. ಎರಡನೆಯ ದಿನವೇ ಅವನು ಕರಣೆ ಹಿಡಿದು ಸ್ವಯಂಸೇವಕರ ಸಾಲಿನಲ್ಲಿ ನಿಂತ. ಬಿಟ್ಟಿ ಕೆಲಸ. ಕುಸಿದ ಮನೆಗಳ ಇಟ್ಟಿಗೆ ಆಯ್ದ, ವಾಲಿದ ಬಾಗಿಲುಗಳಿಗೆ ಆನಿಕೆ ಕೊಟ್ಟ, ಆಸ್ಪತ್ರೆಯ ಗೋಡೆ ಎತ್ತಿದ. ಸಮೀಕ್ಷೆಯ ಇಂಜಿನಿಯರು ಬಂದು ಬಿರುಕನ್ನು ಕಣ್ಣಾರೆ ಕಂಡರೆ ಮಾತ್ರ ಮನೆ ಪಟ್ಟಿಗೆ ಸೇರುತ್ತಿತ್ತು. ಪಟ್ಟಿಗೆ ಸೇರಿದವರಿಗೆ ಸಿಮೆಂಟು, ಕಬ್ಬಿಣ, ಮನೆ ಎದ್ದು ನಿಲ್ಲುವ ತನಕ ಡೇರೆ. ಅದಕ್ಕೇ ಮೇಸ್ತ್ರಿ ಮನೆಮನೆಗೂ ಹೋಗಿ ಬಡಕೊಂಡ: "ಬಿರುಕು ಮುಟ್ಬೇಡಿ. ಉದುರಿದ ಮಣ್ಣು ಕೂಡ ಗುಡಿಸ್ಬೇಡಿ. ಅವ್ರು ಬಂದು ನೋಡ್ಲಿ."

ಇಡೀ ಓಣಿಗೆ ಬುದ್ಧಿ ಹೇಳಿದವನು ತಾನೇ ಎಡವಿದ.

ತಾಯಿಗೆ ಡೇರೆ ಹಿಡಿಸಲಿಲ್ಲ. "ಸಾಯೋದಾದ್ರೆ ನನ್ನ ಕೋಣೇಲೇ ಸಾಯ್ತೀನಿ ಕಣೋ, ಈ ಬಟ್ಟೆ ಮನೇಲಲ್ಲ" ಎಂದು ಎರಡು ದಿನ ತುತ್ತು ಮುಟ್ಟಲಿಲ್ಲ. ಒಂದು ಮಧ್ಯಾಹ್ನ ಮೇಸ್ತ್ರಿ ಆಕೆಯನ್ನು ಕೈಹಿಡಿದು ಮನೆಗೆ ಕರೆತಂದ. ಕೋಣೆಯ ಗೋಡೆಯಲ್ಲಿ ಸೂರಿನಿಂದ ನೆಲದವರೆಗೆ ಬೆರಳು ತೂರುವಷ್ಟು ಬಿರುಕು. ಮುದುಕಿ ಅದನ್ನು ನೋಡಿ ಗಡಗಡ ನಡುಗಿ ಮಗುವಿನಂತೆ ಅತ್ತಳು. ಮೇಸ್ತ್ರಿ ಪಕ್ಕದ ಮನೆಯ ಅಂಗಡಿಯವನಿಂದ ಒಂದು ಬಕೆಟ್ ನೀರು ತರಿಸಿ, ಇದ್ದ ಚೂರುಪಾರು ಸಿಮೆಂಟು ಕಲಸಿ, ಅಲ್ಲೇ ನಿಂತು ಮೆತ್ತಿಬಿಟ್ಟ. "ನೋಡಮ್ಮ, ಎಲ್ಲಿದೆ ಬಿರುಕು?" ಆಕೆ ಕಣ್ಣೊರೆಸಿಕೊಂಡಳು, ಡೇರೆಗೆ ಬಂದು ಉಂಡಳು. ಓಣಿಯ ಸಮೀಕ್ಷೆಗೆ ಇನ್ನೂ ಹದಿನೈದು ದಿನವಿದೆ, ಅಷ್ಟರೊಳಗೆ ಕಿತ್ತರಾಯಿತು ಎಂದುಕೊಂಡು ಅವನು ಮತ್ತೆ ಊರವರ ಕೆಲಸಕ್ಕೆ ಓಡಿದ.

ಇಂಜಿನಿಯರು ನಾಲ್ಕನೇ ದಿನವೇ ಬಂದರು. ಮೇಸ್ತ್ರಿ ಆಚೆ ಬೀದಿಯಲ್ಲಿ ಯಾರದೋ ಚೌಕಟ್ಟು ಕೂರಿಸುತ್ತಿದ್ದ. ಹೆಂಡತಿ ಹೇಳಿಕಳಿಸಿದಳೆಂದು ಏದುಸಿರು ಬಿಡುತ್ತಾ ಬರುವಷ್ಟರಲ್ಲಿ ಅವರು ಗೋಡೆ ಸವರಿ ನೋಡಿ ಆಗಿತ್ತು.

"ಚೆನ್ನಾಗಿದೆಯಲ್ರೀ! ಕೂದಲೆಳೆಯಷ್ಟೂ ಬಿರುಕಿಲ್ಲ."

"ಒಳಗೆ ಸೀಳಿದೆ ಸಾರ್. ಮೇಲೆ ನಾನೇ ಗಾರೆ ಮಾಡಿದ್ದು. ನಮ್ಮಮ್ಮ ಹೆದರ್ಕೊಂಡ್ರು ಅಂತ..."

"ಹೊಸ ಮನೆ ಸಿಗುತ್ತೆ ಅಂದ್ರೆ ಎಲ್ರೂ ಒಂದೊಂದು ಕತೆ ಹೇಳ್ತಾರೆ."

ಮೇಸ್ತ್ರಿಗೆ ರೇಗಿತು. ಉಳಿ ಸುತ್ತಿಗೆ ತೆಗೆದು ಅವರ ಕಣ್ಣೆದುರೇ ಗಾರೆ ಕಿತ್ತ. ಬಿರುಕು ಬಾಯಿ ತೆರೆಯಿತು. ಇಂಜಿನಿಯರು ಎರಡು ಹೆಜ್ಜೆ ಹಿಂದೆ ಸರಿದು, "ನನ್ನೆದುರೇ ಗೋಡೆ ಒಡೀತೀರಾ? ಇದನ್ನೂ ಬರೀತೀನಿ" ಎಂದರು.

"ಅಯ್ಯೋ ಸಾರ್, ಇವ್ರನ್ನ ಕೇಳಿ" ಎಂದು ಅವನು ಬಾಗಿಲಲ್ಲಿ ನಿಂತಿದ್ದ ಅಂಗಡಿಯವನ ಕಡೆ ತಿರುಗಿದ. "ನೀವಾದ್ರೂ ಹೇಳಿ ಅಣ್ಣ, ಬಿರುಕಿತ್ತೋ ಇಲ್ವೋ?"

ಪಟ್ಟಿಯಲ್ಲಿ ಆ ಓಣಿಗೆ ಇಪ್ಪತ್ತೇ ಮನೆಯೆಂದು ಬೆಳಿಗ್ಗೆಯೇ ಸುದ್ದಿಯಾಗಿತ್ತು. ಒಬ್ಬ ಸೇರಿದರೆ ಒಬ್ಬ ಬಿಡಬೇಕು. ಅಂಗಡಿಯವನು ಚಪ್ಪಲಿ ನೋಡಿಕೊಂಡ.

"ನಾನು ಅವತ್ತು ಊರಲ್ಲೇ ಇರ್ಲಿಲ್ಲ ಮೇಸ್ತ್ರಿ."

ಥೂ! ಬಕೆಟ್ ಹೊತ್ತು ತಂದವನೇ ಅವನು. ಹಿಂದೆ ನಿಂತಿದ್ದ ಓಣಿಯವರೂ ಒಬ್ಬೊಬ್ಬರಾಗಿ ಜಾರಿಕೊಂಡರು. ಅವರಲ್ಲಿ ಒಬ್ಬರ ಮನೆಯಲ್ಲೂ ಮೇಸ್ತ್ರಿ ಬೆವರು ಸುರಿಸದೆ ಬಿಟ್ಟಿರಲಿಲ್ಲ. ಬಾಗಿಲಿಗೆ 'ವಾಸಕ್ಕೆ ಯೋಗ್ಯ' ಎಂಬ ಚೀಟಿ ಅಂಟಿತು.

ಅದಾದ ಮೂರನೆಯ ದಿನ ಅವನ ಡೇರೆ ಕಿತ್ತರು. ಆ ಗೋಡೆಯನ್ನು ಬುಡದಿಂದ ಬಿಚ್ಚಿ ಕಬ್ಬಿಣ ಕೊಟ್ಟು ಕಟ್ಟಬೇಕಿತ್ತು. ಅದು ಬರಿಗೈಯಲ್ಲಿ ಆಗುವ ಕೆಲಸವಲ್ಲ, ಹೋಗಲು ಬೇರೆ ಜಾಗವೂ ಇರಲಿಲ್ಲ. ತಾಯಿಯನ್ನು ಕರೆತರುವ ಮೊದಲು ಮೇಸ್ತ್ರಿ ಒಬ್ಬನೇ ಕೂತು ಬಿರುಕನ್ನು ಮತ್ತೊಮ್ಮೆ ಮುಚ್ಚಿದ. ಗಾರೆ ಎಂದಿನಂತೆ ನುಣ್ಣಗೇ ಬಂತು. "ಇಷ್ಟು ಚೆನ್ನಾಗಿ ಯಾಕೆ ಮಾಡ್ತೀರಿ, ಸುಡುಗಾಡು" ಎಂದು ಹೆಂಡತಿ ಅತ್ತಳು.

ಮುದುಕಿ ಮಾತ್ರ ಹಬ್ಬದಂತೆ ಒಳಗೆ ಬಂದು ತನ್ನ ಮಂಚದ ಮೇಲೆ ಕಾಲು ಚಾಚಿದಳು. ಬೆನ್ನ ಹಿಂದೆ ಅದೇ ಗೋಡೆ. ಮಗ ಮಂಚವನ್ನು ಬಾಗಿಲ ಕಡೆ ಎಳೆಯಹೋದರೆ ಬಯ್ದಳು.

"ಗೋಡೆ ಗಟ್ಟಿ ಇದೆಯೇನೋ?"

"ಗಟ್ಟಿ ಇದೆ. ಮಲ್ಕೋಮ್ಮ" ಎಂದ ಮೇಸ್ತ್ರಿ.

ಮೂವತ್ತು ವರ್ಷದಲ್ಲಿ ಗೋಡೆಯ ವಿಷಯದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು. ಅದನ್ನು ಹೆತ್ತವಳಿಗೆ ಹೇಳಬೇಕಾಯಿತು.