ಅನುದಾನ ವಿಭಾಗದ ಅಕ್ಕೋರು

ಅವರ ಎಡಗಾಲಿಗೆ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಕಬ್ಬಿಣದ ಪಟ್ಟಿಯಿತ್ತು. ಶಹಾಬಾದ ಫರಸಿಕಲ್ಲಿನ ನೆಲದ ಮೇಲೆ ಅದು ಖಣ್ ಎಂದರೆ ಸಾಕು, ಆಡಳಿತ ಕಚೇರಿಯ ಪಡಸಾಲೆಯಲ್ಲಿ ಹರಟುತ್ತಿದ್ದ ಪ್ರಾಧ್ಯಾಪಕರೂ ದನಿ ತಗ್ಗಿಸುತ್ತಿದ್ದರು. ವಿಶ್ವವಿದ್ಯಾಲಯದ ಸಂಶೋಧನಾ ಅನುದಾನ ವಿಭಾಗದ ಅಧೀಕ್ಷಕಿ ಅವರು. ಹಿಂದೆ ಜೇವರ್ಗಿಯ ಶಾಲೆಯೊಂದರಲ್ಲಿ ಕಲಿಸಿದ್ದರಿಂದ ಎಲ್ಲರಿಗೂ ಅಕ್ಕೋರೇ.

ಎಂಬತ್ತರ ದಶಕದಲ್ಲಿ ನಾನು ಅರ್ಥಶಾಸ್ತ್ರದ ಹೊಸ ಉಪನ್ಯಾಸಕ. ತೊಗರಿ ಒಕ್ಕುವ ರಾಶಿಗೆ ದುಡಿಯುವ ಹೆಣ್ಣಾಳಿಗೆ ಗಂಡಾಳಿನಷ್ಟು ಕೂಲಿ ಏಕಿಲ್ಲ ಎಂಬುದನ್ನು ನಿಂಬರ್ಗಾದಲ್ಲಿ ಅಧ್ಯಯನ ಮಾಡಲು ದೆಹಲಿಯ ಅನುದಾನಕ್ಕೆ ಅರ್ಜಿ ಬರೆದೆ. ಚರ್ಚಾಕೂಟಗಳಲ್ಲಿ ಗೆದ್ದ ಹುಮ್ಮಸ್ಸಿನಲ್ಲಿ ಮೊದಲ ಪುಟವೇ ಭಾಷಣವಾಗಿತ್ತು.

ಅಕ್ಕೋರದ್ದೊಂದು ಪದ್ಧತಿ. ಅರ್ಜಿ ತಂದವರನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಎದುರಿನ ಬೆಂಚಿಗೆ ಹೋಗುವರು; ಅಧ್ಯಯನ ಯಾರ ಕುರಿತೋ ಅವರೇ ಆಗಿ ಪ್ರಶ್ನಿಸುವರು. ಕಬ್ಬಿನ ರೋಗದ ಅರ್ಜಿ ತಂದ ಸಸ್ಯಶಾಸ್ತ್ರದವರಿಗೆ ಅವರು ಕರಜಗಿಯ ರೈತರಾಗಿ ಬೆವರಿಳಿಸಿದ್ದರು.

“ನಾ ಈಗ ನಿಂಬರ್ಗಾದ ಹೆಣ್ಣಾಳು. ನನ್ನ ಒಂದಿನದ ಕೂಲಿ ಯಾಕ ಮುರೀತೀರಿ, ಹೇಳ್ರಿ ಸರ” ಎಂದರು, ನನ್ನನ್ನೂ ಆ ಕುರ್ಚಿಯಲ್ಲಿ ಕೂರಿಸಿ.

“ಸಾಮಾಜಿಕ ನ್ಯಾಯಕ್ಕಾಗಿ…”

“ತಮ್ಮಾ, ನ್ಯಾಯ ನಾಳಿ ಬರತದ. ಇವತ್ತ ಸಂಜೀಕ ಹಿಟ್ಟ ಯಾರ ತರ್ತಾರ?”

ಅಂದು ಇಬ್ಬರೂ ಕುಳಿತು ಭಾಷಣವನ್ನು ಹೊಡೆದುಹಾಕಿ, ಉತ್ತರ ಕೊಡಲು ಕೆಲಸ ಬಿಡುವ ಹೆಂಗಸರಿಗೆ ಆ ದಿನದ ಕೂಲಿ ಕೊಡಬೇಕೆಂದು ಸೇರಿಸಿದೆವು. ದೆಹಲಿ ಒಪ್ಪಿತು. ರಾಶಿಯ ಹಂಗಾಮಿನಲ್ಲಿ ಹೆಂಗಸರು ನನ್ನ ಮಾತು ನಂಬಿ ಕೆಲಸ ಬಿಟ್ಟು ಕುಳಿತು, ಕೂಲಿಪಟ್ಟಿಗೆ ಹೆಬ್ಬಟ್ಟು ಒತ್ತಿದರು.

ಕೂಲಿಯನ್ನು ತಡೆದದ್ದು ನಮ್ಮದೇ ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿ. “ಮಾತಾಡಿದ್ದಕ್ಕ ಕೂಲಿ ಎಲ್ಲೆರೆ ಉಂಟೇನ್ರಿ? ಈ ಹೆಬ್ಬಟ್ಟು ಯಾರವೋ ಏನೋ! ಖರೇ ಇದ್ರ ಅವರನ್ನ ಇಲ್ಲಿ ಕರಸ್ರಿ.”

ಮತ್ತೆ ಯಾವ ಮುಖ ಹೊತ್ತು ನಿಂಬರ್ಗಾಕ್ಕೆ ಹೋಗಲಿ? ರಾಜೀನಾಮೆ ಕೊಡುವೆನೆಂದೆ.

“ಕೊಟ್ರ ಅಂವಗ ಹಬ್ಬ ಆಗ್ತದ,” ಎಂದರು ಅಕ್ಕೋರು. “ಕರಸ್ರಿ ಅಂದಾನಲ್ಲ? ಕರಸೂಣು.”

ಬಸ್ಸಿಳಿದ ಹೆಂಗಸರನ್ನು ಅವರು ನೇರ ಅಧಿಕಾರಿಯ ಕೋಣೆಗೆ ನಡೆಸಿ ಸಿಕ್ಕ ಕುರ್ಚಿಗಳಲ್ಲೆಲ್ಲ ಕೂರಿಸಿದರು. ಹಿರಿಯಳೊಬ್ಬಳು ಮೇಜಿನ ಮೇಲೆ ಹೆಬ್ಬೆರಳು ಊರಿದಳು. “ನೋಡ್ರಿ ಸಾಹೇಬ್ರ. ಕಟಗಿ ಮುರದು ಮುರದು ಗೆರೀ ಸವದಾವ. ಇದೂ ಸುಳ್ಳೇನು?”

ಅಧಿಕಾರಿ ಸಹಿಗೆ ಪೆನ್ನು ತೆಗೆದರು. ಅಕ್ಕೋರು ಕಾಗದದ ಮೇಲೆ ಕೈಯಿಟ್ಟರು.

“ಇವತ್ತಿನ ಕೂಲೀನೂ ಸೇರಸ್ರಿ. ಕರಸಿದವರು ನೀವು.”

“ಹಂಗ ಕೊಡಾಕ ನಿಯಮದಾಗ ಇಲ್ರಿ.”

“ಕರಸೂದೂ ನಿಯಮದಾಗ ಇರಲಿಲ್ರಿ. ಯಾಕ ಕರಸಿದಿರಿ ಅಂತ ಬರದು ಕೊಡ್ರಿ, ದೆಹಲಿಗಿ ಕಳಸ್ತೇನಿ.”

ಎರಡೂ ಕೂಲಿ ಮಂಜೂರಾದವು. ಸ್ವಲ್ಪ ದಿನಗಳಲ್ಲೇ ಅಕ್ಕೋರನ್ನು ಹಳೆಯ ಉತ್ತರಪತ್ರಿಕೆಗಳ ಗೋದಾಮಿಗೆ ವರ್ಗಾಯಿಸಲಾಯಿತು. ನಾನು ಹಲ್ಲು ಕಡಿಯುತ್ತ ಹೋದರೆ ಅವರು ಸೆರಗಿನಿಂದ ಧೂಳು ಹೊಡೆಯುತ್ತಿದ್ದರು. “ಇಲ್ಲಿ ಬಾಗಿಲಾ ಇಲ್ಲೇನ್ರಿ? ಅರ್ಜಿ ಇದ್ದವರನ್ನ ಕಳಸ್ರಿ.” ಕಳಿಸಿದೆ. ಅವರ ನಿವೃತ್ತಿಯವರೆಗೂ ಪ್ರಾಧ್ಯಾಪಕರು ದೆಹಲಿಗೆ ಅರ್ಜಿ ಹಾಕುವ ಮೊದಲು ಇಲಿ ಓಡಾಡುವ ಆ ಗೋದಾಮಿಗೆ ಹೋಗಿಬರುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ತೀರಿಕೊಂಡರು. ವಿಶ್ವವಿದ್ಯಾಲಯದ ಸಂತಾಪ ಸಭೆಗೆ ನಿಂಬರ್ಗಾದ ಹೆಂಗಸರೂ ಬಂದಿದ್ದರು. ಸಭೆಯ ಅಧ್ಯಕ್ಷರು ನಿರ್ಣಯ ಓದಿದರು: “ಮೃದುಭಾಷಿಗಳೂ, ಯಾರನ್ನೂ ಎಂದೂ ಎದುರಿಸದವರೂ ಆದ…”

“ಯವ್ವಾ, ಇವ್ರು ಯಾರ ಬಗ್ಗಿ ಹೇಳಾಕತ್ತಾರ?” ಎಂದಿತು ಹಿಂದಿನ ಸಾಲಿನ ಹೆಣ್ಣುದನಿ. ಸಭೆ ಗೊಳ್ಳೆಂದು ನಕ್ಕಿತು.

ನಾನೆದ್ದು ತಿದ್ದುಪಡಿ ಮಂಡಿಸಿದೆ: ಆ ಎರಡೂ ಮಾತು ತೆಗೆದು ‘ಅನ್ಯಾಯವನ್ನು ಎದುರಿಸಿದವರು’ ಎಂದು ಬರೆಯಬೇಕು. ಸಂತಾಪ ನಿರ್ಣಯಕ್ಕೆ ತಿದ್ದುಪಡಿಯ ಪದ್ಧತಿಯಿಲ್ಲವೆಂದು ಹೇಳಿ, ಅಧ್ಯಕ್ಷರು ಮೌನಾಚರಣೆಗೆ ಎಲ್ಲರೂ ಎದ್ದು ನಿಲ್ಲಲು ಕೋರಿದರು.

“ಹಂಗಾದ್ರ ನಾವು ನಿಂದರಂಗಿಲ್ರಿ,” ಎಂದು ನಾನು ಕುಳಿತೆ. ನಿಂಬರ್ಗಾದ ಹೆಂಗಸರಂತೂ ಕುಳಿತೇ ಇದ್ದರು. ಎದ್ದಿದ್ದ ಪ್ರಾಧ್ಯಾಪಕರು ಒಬ್ಬೊಬ್ಬರಾಗಿ ಕುಳಿತರು.

ಅಧ್ಯಕ್ಷರು ಪೆನ್ನು ತೆಗೆದು ತಿದ್ದಿದರು, ಓದಿದರು. ಆಗ ನಾವು ಎದ್ದು ನಿಂತೆವು.