ಪದ್ಮಕ್ಕನ ಮೊಣಕಾಲಿನ ಅಳತೆ

ನೆಕ್ಕರೆಪಲ್ಕೆ ಶಾಲೆಯ ಅಂಗಳದಲ್ಲಿ ಡೆನ್ಮಾರ್ಕಿನ ಆರು ಮಂದಿ ಹುಡುಗ ಹುಡುಗಿಯರು ಬಂದಿಳಿದಾಗ ಊರಿನವರು ಅವರ ಬಿಳಿ ಮುಖ ನೋಡಿದರು, ಮಕ್ಕಳು ಅವರ ಚೀಲ ನೋಡಿದರು, ಪದ್ಮಕ್ಕ ಅವರ ಹೊಟ್ಟೆ ನೋಡಿದಳು. "ಅಕ್ಕಿ ಎರಡು ಸೇರು ಜಾಸ್ತಿ ಹಾಕು ಲೋಲಾಕ್ಷಿ. ಆ ಉದ್ದದವನನ್ನು ನೋಡಿದರೆ ಮೂರು ಹಾಕಿದರೂ ಸಾಲದು" ಎಂದು ಜೊತೆಯ ಅಡುಗೆಯವಳಿಗೆ ಹೇಳಿ ಒಳಗೆ ಹೋದಳು. ಹತ್ತೊಂಬತ್ತು ವರ್ಷದಿಂದ ಆ ಸರಕಾರಿ ಶಾಲೆಯ ಬಿಸಿಯೂಟ ಬೇಯಿಸುತ್ತಿರುವ ಹೆಂಗಸು. ಮನುಷ್ಯರನ್ನು ಅಳೆಯಲು ಅವಳಿಗೆ ಬೇರೆ ಅಳತೆ ಗೊತ್ತಿರಲಿಲ್ಲ.

ವಾಮದಪದವಿನಲ್ಲಿ ಬಸ್ಸಿಳಿದು ರಿಕ್ಷಾ ಹತ್ತಿದರೆ, ರಿಕ್ಷಾದವನಿಗೆ ಮನಸ್ಸಿದ್ದರೆ, ಹತ್ತು ನಿಮಿಷದಲ್ಲಿ ನೆಕ್ಕರೆಪಲ್ಕೆ. ಶಾಲೆಯಲ್ಲಿ ತೊಂಬತ್ತಾರು ಮಕ್ಕಳು, ನಾಲ್ಕು ಟೀಚರುಗಳು, ಒಂದು ಬದಿ ಕುಸಿದ ಹಂಚಿನ ಮಾಡು. ಆ ಮಾಡಿಗಾಗಿ ಹೆಡ್ ಟೀಚರ್ ಮಾಜಿದಾ ಬರೆದ ಅರ್ಜಿಗಳನ್ನೇ ಒಂದರ ಮೇಲೊಂದು ಹೊದೆಸಿದ್ದರೆ ಮಳೆ ಒಳಗೆ ಬರುತ್ತಿರಲಿಲ್ಲ. ಕಡೆಗೆ ಮೂಡುಬಿದಿರೆ ಕಡೆಯ ಒಂದು ಆರ್ಕಿಟೆಕ್ಚರ್ ಕಾಲೇಜಿನವರು ಡೆನ್ಮಾರ್ಕಿನ ಕಾಲೇಜೊಂದರ ಜೊತೆ ಸೇರಿಕೊಂಡರು. ಎರಡೂ ಕಡೆಯ ವಿದ್ಯಾರ್ಥಿಗಳೇ ನಕ್ಷೆ ಬರೆದು, ಮುಂದೆ ನಿಂತು ಕಟ್ಟಿಸಿಕೊಡುವುದು ಎಂದಾಯಿತು. ಪರಿಸರಕ್ಕೆ ಹಾನಿ ಇಲ್ಲದ ಶಾಲೆಯಂತೆ. ಎರಡು ತರಗತಿ ಕೋಣೆ, ಒಂದು ಅಡುಗೆ ಕೋಣೆ.

ಅಡುಗೆ ಕೋಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪದ್ಮಕ್ಕ ಸಾರಿಗೆ ಉಪ್ಪು ಹಾಕಿದ್ದನ್ನೇ ಮರೆತು ಇನ್ನೊಮ್ಮೆ ಹಾಕಿದಳು. ಮಕ್ಕಳು ಆ ದಿನ ನೀರು ಕುಡಿದು ಕುಡಿದು ಸುಸ್ತಾದವು.

ಯಾಕೆಂದರೆ ಇದ್ದ ಅಡುಗೆ ಕೋಣೆಯನ್ನು ಕೋಣೆ ಎಂದರೆ ಕೋಣೆಗೆ ಅವಮಾನ. ಮೇಲೆ ಸಿಮೆಂಟ್ ಶೀಟು, ಕೆಳಗೆ ನೀರು ಹೋಗಲು ಒಂದು ತೂತೂ ಇಲ್ಲದ ನೆಲ. ದಿನಾ ಹನ್ನೆರಡು ಗಂಟೆಗೆ ಪದ್ಮಕ್ಕ, ಲೋಲಾಕ್ಷಿ ಇಬ್ಬರೂ ಅನ್ನದ ದೊಡ್ಡ ಪಾತ್ರೆಯ ಎರಡು ಕಿವಿ ಹಿಡಿದು, ಹೊಸ್ತಿಲು ದಾಟಿ, ಮೂರು ಮೆಟ್ಟಿಲಿಳಿದು, ಅಂಗಳದ ಕೊನೆಯಲ್ಲಿ ಎರಡು ಕಲ್ಲಿನ ಮೇಲೆ ಬಾಗಿಸಿ ಗಂಜಿನೀರು ಬಸಿಯಬೇಕು. ಮಳೆಗಾಲದಲ್ಲಿ ಮೇಲಿಂದ ತಣ್ಣೀರು, ಕೆಳಗಿಂದ ಬಿಸಿನೀರು. ನಾಲ್ಕು ವರ್ಷದ ಹಿಂದೆ ಒಂದು ಆಟಿ ತಿಂಗಳಲ್ಲಿ ಮೂರನೆಯ ಮೆಟ್ಟಿಲಲ್ಲಿ ಕಾಲು ಜಾರಿ ಪದ್ಮಕ್ಕನ ಎಡಪಾದ ಬೆಂದುಹೋಗಿತ್ತು. ಆ ಚರ್ಮ ಈಗಲೂ ಕಾಯಿಸಿದ ಹಪ್ಪಳದ ಹಾಗೆ ಇದೆ. ಅವಳಿಗಿದ್ದದ್ದು ಒಂದೇ ಆಸೆ: ಕೆಲಸ ಬಿಡುವ ಮೊದಲು ಒಂದೇ ಒಂದು ದಿನ ಮಾಡಿನ ಅಡಿಯಲ್ಲಿ, ಒಣ ನೆಲದ ಮೇಲೆ ನಿಂತು ಅನ್ನ ಬಸಿಯಬೇಕು.

ಕೆಲಸ ಬಿಡುವ ದಿನ ದೂರವೂ ಇರಲಿಲ್ಲ. ಅಡುಗೆಯವರಿಗೆ ಅರುವತ್ತು ತುಂಬಿದರೆ ಮನೆಗೆ. ಪದ್ಮಕ್ಕ ನಿಜವಾಗಿ ಹುಟ್ಟಿದ್ದು ಆಟಿಯ, ಅಂದರೆ ಜುಲೈ ಕಡೆಯ, ಜಡಿಮಳೆಯಲ್ಲಿ. ಆದರೆ ಅವಳನ್ನು ಒಂದನೆಯ ತರಗತಿಗೆ ಸೇರಿಸಿಕೊಂಡ ಮಾಸ್ಟ್ರು ತಮಗೆ ಸುಲಭವಾಗಲಿ ಎಂದು ಇಡೀ ಕ್ಲಾಸನ್ನು ಜೂನ್ ಒಂದಕ್ಕೆ ಹುಟ್ಟಿಸಿಬಿಟ್ಟಿದ್ದರು. "ಹೆತ್ತವಳಿಗಿಂತ ಎರಡು ತಿಂಗಳು ಮೊದಲೇ ಹೆತ್ತ ಪುಣ್ಯಾತ್ಮ" ಎಂದು ಪದ್ಮಕ್ಕ ಆ ಸತ್ತ ಮಾಸ್ಟ್ರಿಗೆ ವಾರಕ್ಕೊಮ್ಮೆ ಬಯ್ಯುತ್ತಿದ್ದಳು. ಲೆಕ್ಕ ಸ್ಪಷ್ಟ: ಮೇ ಮೂವತ್ತೊಂದು ಅವಳ ಕೊನೆಯ ದಿನ. ಬೇಸಗೆ ರಜೆ ಮುಗಿದು ಮಕ್ಕಳು ಶಾಲೆಗೆ ಬರುವುದೂ ಅದೇ ದಿನ. ಹೊಸ ಕೋಣೆ ಅಷ್ಟರೊಳಗೆ ಎದ್ದರೆ ಅವಳಿಗೆ ಸಿಗುವುದು ಒಂದು ಪಾತ್ರೆ ಅನ್ನ.

ಜನವರಿಯಲ್ಲಿ ನಕ್ಷೆಯನ್ನು ಗೋಡೆಗೆ ಅಂಟಿಸಿ ಎಲ್ಲರನ್ನೂ ಕರೆದರು. ಊರ ಗಣ್ಯರು ನೋಡಿದರು, ಪೋಷಕರು ನೋಡಿದರು, ಗಣ್ಯರ ಜೊತೆ ಬಂದ ನಾಯಿಯೂ ನೋಡಿತು. ಕೊನೆಗೆ ಚಹಾ ತಂದ ಪದ್ಮಕ್ಕನಿಗೂ ತೋರಿಸಿದರು. ವಿವರಿಸಲು ಬೆಳ್ತಂಗಡಿಯ ತೃಪ್ತಿ, ಮೂಡುಬಿದಿರೆ ಕಾಲೇಜಿನ ವಿದ್ಯಾರ್ಥಿನಿ, ತುಳು ಬಲ್ಲವಳು. ಪಕ್ಕದಲ್ಲಿ ಆ ಉದ್ದದವನು, ಮಿಕೆಲ್.

"ಇದು ಗಾಳಿ ಬರುವ ದಾರಿ ಪದ್ಮಕ್ಕ. ಇದು ಮಳೆನೀರು ಇಂಗುವ ಗುಂಡಿ. ಇದು ನಿಮ್ಮ ಅಡುಗೆ ಕೋಣೆ. ಎಲ್ಲ ಸಸ್ಟೇನೆಬಲ್."

"ಹಾಗಂದರೆ ಎಂತ ಮಗಾ?"

"ಹಾಳು ಮಾಡದೆ, ಇರುವುದರಲ್ಲೇ, ತುಂಬ ವರ್ಷ ನಡೆಸಿಕೊಂಡು ಹೋಗುವುದು."

"ಅದಾ? ಅದು ನಾನೇ ಅಲ್ವಾ! ಹತ್ತೊಂಬತ್ತು ವರ್ಷದಿಂದ ಒಂದೇ ಸೌಟು" ಎಂದು ಪದ್ಮಕ್ಕ ಕಾಗದದ ಹತ್ತಿರ ಮೂಗು ತಂದಳು. ಹುಡುಕಿದಳು. ಕಿಟಕಿ ಇತ್ತು, ಒಲೆ ಇತ್ತು, ಒಲೆಯ ಪಕ್ಕ ಒಂದು ತುಳಸಿ ಗಿಡ ಕೂಡ ಇತ್ತು. "ಎಲ್ಲ ಉಂಟು. ಅನ್ನ ಬಸಿಯುವುದೆಲ್ಲಿ?"

ತೃಪ್ತಿ ಇಂಗ್ಲಿಷಿನಲ್ಲಿ ಕೇಳಿದಳು. ಮಿಕೆಲ್ ಕೈ ಆಡಿಸಿ ಏನೋ ಹೇಳಿದ. ಅನ್ನ ನೀರನ್ನು ತಾನೇ ಕುಡಿದುಕೊಳ್ಳುತ್ತದಲ್ಲ, ಬಸಿಯುವುದು ಯಾಕೆ ಎಂದು.

"ಅವರದು ಬಿಡು, ಅವರು ಆಲೂಗಡ್ಡೆ ತಿನ್ನುವವರು. ನೀನು? ನಿಮ್ಮ ಮನೆಯಲ್ಲಿ ಬಸಿಯುವುದಿಲ್ಲವಾ?"

ತೃಪ್ತಿಯ ಮುಖ ಕೆಂಪಾಯಿತು. "ಅಮ್ಮ ಬಸಿಯುತ್ತಾರೆ. ನಾನು... ನೋಡಿಲ್ಲ."

"ಇಪ್ಪತ್ತೊಂದು ವರ್ಷ ತಿಂದಿದ್ದೀ, ನೋಡಿಲ್ಲ! ಸಾಯ್ಲಿ, ನೋಡಿಲ್ಲ ಅಂತಾದರೆ ಕೇಳಬೇಕು. ನನಗೆ ಬಾಯಿಲ್ಲವಾ? ನಿತ್ಯ ಅಲ್ಲಿ ದುಡಿಯುವವಳನ್ನು ಒಂದು ಮಾತು ಕೇಳದೆ ಅವಳ ಕೋಣೆ ಕಟ್ಟುವುದು ಯಾವ ಸೀಮೆಯ ಓದು ಮಾರಾಯ್ತಿ?"

ಮಾಜಿದಾ ಟೀಚರ್ ಅವಳನ್ನು ಸಮಾಧಾನ ಮಾಡಲು ನೋಡಿದರು, ಆಗಲಿಲ್ಲ. ಪದ್ಮಕ್ಕ ಸೀದಾ ಕಬಡ್ಡಿಯ ಗೆರೆ ಹಾಕುವ ಸುಣ್ಣದ ಹುಡಿಯ ಡಬ್ಬಿ ತಂದು ತೃಪ್ತಿಯ ಕೈಗೆ ಕೊಟ್ಟು, ನಕ್ಷೆಯನ್ನು ಕೋಣೆಯ ನಿಜವಾದ ಅಳತೆಯಲ್ಲೇ ಮೈದಾನದಲ್ಲಿ ಬರೆಸಿದಳು. ಆಮೇಲೆ ಅನ್ನದ ಪಾತ್ರೆಗೆ ಮುಕ್ಕಾಲು ನೀರು ತುಂಬಿಸಿ ಮಿಕೆಲ್‌ನನ್ನು ಕರೆದಳು. "ಬಾ ಮಗಾ. ಇದು ಒಲೆ. ಹೊರಗೆ ಹೋಗುವ, ಬಸಿಯುವ. ಬಾಗಿಲಲ್ಲೇ ಹೋಗಬೇಕು, ಗೆರೆ ದಾಟಬಾರದು."

ಒಂದು ಕಿವಿ ಮಿಕೆಲ್, ಇನ್ನೊಂದು ಕಿವಿ ತೃಪ್ತಿ. ಎರಡು ಹೆಜ್ಜೆಗೆ ಮಿಕೆಲ್‌ನ ಹಿಂಭಾಗ ಗೆರೆಯಿಂದ ಆಚೆ ಹೋಯಿತು. "ಗೋಡೆ!" ಎಂದು ಪದ್ಮಕ್ಕ ಕೂಗಿದಳು. ತಿರುಗಿದರು, ತೃಪ್ತಿಯ ಕಾಲು ಕಿಟಕಿಯೊಳಗೆ. "ಗೋಡೆ!" ಈ ಸಲ ತೊಂಬತ್ತಾರು ಮಕ್ಕಳೂ ಕೂಗಿದರು. ಬಾಗಿಲ ಅಗಲದಲ್ಲಿ ಪಾತ್ರೆ ಮತ್ತು ಇಬ್ಬರು ಒಟ್ಟಿಗೆ ಹೋಗಲು ಸಾಧ್ಯವೇ ಇರಲಿಲ್ಲ. ಮಿಕೆಲ್ ಮುಂದೆ ನಡೆದು, ಹಿಂದೆ ನಡೆದು, ಅಡ್ಡಡ್ಡ ನಡೆದು, ಕಡೆಗೆ ಸುಣ್ಣದಲ್ಲಿ ಬರೆದ ತುಳಸಿ ಗಿಡದ ಮೇಲೆ ಕೂತುಬಿಟ್ಟ. ನೀರು ಅವನ ಚಡ್ಡಿಯ ಮೇಲೆಯೇ ಬಸಿಯಿತು. ಅಷ್ಟು ಗಮ್ಮತ್ತು ಆ ಶಾಲೆಯಲ್ಲಿ ಪ್ರತಿಭಾ ಕಾರಂಜಿಗೂ ಆದದ್ದಿಲ್ಲ.

"ಈಗ ಇದು ಕುದಿಯುವ ನೀರು ಅಂತ ಎಣಿಸಿಕೋ" ಎಂದು ಪದ್ಮಕ್ಕ ಸೀರೆಯ ಅಂಚೆತ್ತಿ ಎಡಪಾದ ಮುಂದೆ ಚಾಚಿದಳು. ಹುಡುಗ ನೋಡಿದ. ನಗು ನಿಲ್ಲಿಸಿದ. ಆ ರಾತ್ರಿಯ ಊಟಕ್ಕೆ ಮೊದಲೇ ಹಳೆಯ ನಕ್ಷೆ ಗೋಡೆಯಿಂದ ಇಳಿಯಿತು.

ಆಮೇಲೆ ಶುರುವಾಯಿತು ನೋಡಿ ಪದ್ಮಕ್ಕನ ದರ್ಬಾರು. ಅಳತೆ ಟೇಪು ಹಿಡಿದುಕೊಂಡು ಇಬ್ಬರೂ ಅವಳ ಹಿಂದೆಯೇ. ಅವಳು ಕೈ ಎತ್ತಿದರೆ ಅಳೆದರು, ಬಗ್ಗಿದರೆ ಅಳೆದರು, ಆಕಳಿಸಿದರೂ ಬರೆದುಕೊಂಡರು. ಒಲೆಗೆ ತಾಗಿಕೊಂಡೇ, ಒಲೆಯ ಎತ್ತರಕ್ಕೇ, ಒಂದು ಕಟ್ಟೆ ಎಂದಾಯಿತು. ಪಾತ್ರೆಯನ್ನು ಎತ್ತುವುದೇ ಬೇಡ. ಎಳೆದು, ಬಾಗಿಸಿದರೆ, ಗಂಜಿನೀರು ಕಟ್ಟೆಯ ತೋಡಿನಲ್ಲಿ ಹರಿದು ಗೋಡೆಯಾಚೆಯ ಕಲ್ಲಿನ ಬಾನಿಗೆ ಬೀಳುತ್ತದೆ. ಅಲ್ಲಿಂದ ಲೋಲಾಕ್ಷಿಯ ದನಕ್ಕೆ. ಕಟ್ಟೆಯ ಎತ್ತರ ಪದ್ಮಕ್ಕನ ಮೊಣಕಾಲಿನಷ್ಟು. ನಾಲ್ಕು ಅಡಿ ಒಂಬತ್ತು ಇಂಚಿನ ಹೆಂಗಸಿನ ಮೊಣಕಾಲು ಎಲ್ಲಿರುತ್ತದೋ ಅಲ್ಲಿ. "ನನ್ನ ಕಾಲು ಡೆನ್ಮಾರ್ಕಿಗೆ ಹೋಗಿದೆ ಗೊತ್ತುಂಟಾ? ಕಂಪ್ಯೂಟರಿನಲ್ಲಿ!" ಎಂದು ಅವಳು ವಾಮದಪದವಿನ ಮೀನು ಮಾರ್ಕೆಟಿನಲ್ಲಿ ಹೇಳಿದಳು, ಪೊಳಲಿ ದೇವಸ್ಥಾನದ ಊಟದ ಸಾಲಿನಲ್ಲಿ ಹೇಳಿದಳು, ಕೇಳದವರಿಗೂ ಹೇಳಿದಳು.

ಕೆಂಪುಕಲ್ಲಿನ ಗೋಡೆ ಎಬ್ಬಿಸಿದವನು ಮೇಸ್ತ್ರಿ ನೋಣಯ್ಯ. ಕಲ್ಲು ಬರಲು ತಡ, ಮರ ಬರಲು ತಡ, ನೋಣಯ್ಯನ ಭಾವನ ಮನೆಯ ಮದುವೆಗೆ ಒಂದು ವಾರ. ಏಪ್ರಿಲಿಗೆ ಆಗಬೇಕಾದ್ದು ಮೇ ಮೂರನೇ ವಾರಕ್ಕೆ ಮುಗಿಯಿತು. ಉದ್ಘಾಟನೆಗೆ ಹತ್ತು ಜನ ಗಣ್ಯರ ಹೆಸರು ಕೆತ್ತಿದ ಕರಿಕಲ್ಲೂ ಬಂತು. ನಡೆಸಿಕೊಡಬೇಕಾದವರಿಗೆ ಆ ದಿನ ಪುರುಸೊತ್ತಿಲ್ಲ ಎಂದಾಗಿ ಜೂನಿಗೆ ಮುಂದೆ ಹೋಯಿತು. ಹೊಸ ತಾರೀಕಿನ ಹೊಸ ಕಲ್ಲು ಕೆತ್ತಿಸಲು ಕೊಟ್ಟರು. ಹಳೆಯದು ಅಡುಗೆ ಕೋಣೆಯ ಹೊರಗೆ ಗೋಡೆಗೆ ಒರಗಿ ನಿಂತಿತು. ಅಡುಗೆಯವರ ಹೆಸರು ಹಳೆಯದರಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ.

"ಅವರವರ ಹೆಸರು ಅವರವರ ಕಲ್ಲು" ಎಂದಳು ಪದ್ಮಕ್ಕ. ಅವಳಿಗೆ ಬೇಕಾದ್ದು ಕಟ್ಟೆ.

ಮೇ ಇಪ್ಪತ್ತೈದಕ್ಕೆ ಒಂದು ಪರೀಕ್ಷೆ ನೋಡುವ ಎಂದು ಅರ್ಧ ಪಾತ್ರೆ ನೀರು ಕಾಯಿಸಿದರು. ಪದ್ಮಕ್ಕ ಎಳೆದಳು, ಬಾಗಿಸಿದಳು. ನೀರು ಸರ್ರನೆ ತೋಡಿನಲ್ಲಿ ಓಡಿತು, ನೆಲಕ್ಕೆ ಒಂದು ಹನಿ ಇಲ್ಲ. ಮಿಕೆಲ್ ಚಪ್ಪಾಳೆ ತಟ್ಟಿದ. ಪದ್ಮಕ್ಕನ ಕಣ್ಣಲ್ಲಿ ನೀರು ಬಂತು, ಹಬೆ ಎಂದು ಹೇಳಿ ಒರೆಸಿಕೊಂಡಳು.

"ಈಗ ನೀನು ಮಾಡು ಲೋಲಾಕ್ಷಿ. ನಾಳೆ ನಿನ್ನದೇ ಅಲ್ವಾ."

ಲೋಲಾಕ್ಷಿ ಮುಂದೆ ಬಂದಳು. ಹನ್ನೆರಡು ವರ್ಷದಿಂದ ಪಾತ್ರೆಯ ಇನ್ನೊಂದು ಕಿವಿ ಹಿಡಿದವಳು. ಪದ್ಮಕ್ಕನಿಗಿಂತ ಒಂದು ಅಡಿ ಎತ್ತರ, ಮಾತು ಅದಕ್ಕೆ ತಕ್ಕಷ್ಟು ಕಡಿಮೆ. ಪಾತ್ರೆಯ ಕಿವಿ ಹಿಡಿಯಲು ಅವಳು ಬಗ್ಗಿದಳು, ಇನ್ನೂ ಬಗ್ಗಿದಳು, ಅರ್ಧದಲ್ಲಿ ಹಲ್ಲು ಕಚ್ಚಿ ನಿಂತಳು. ಸೀರೆಯ ನೆರಿಗೆಯ ಮೇಲೆ ಸೊಂಟಕ್ಕೆ ಬಿಗಿದ ದಪ್ಪ ಬೆಲ್ಟು ಹೊರಗೆ ಇಣುಕಿತು.

"ಎಂತದು ಅದು?"

"ಎಂತ ಇಲ್ಲ ಪದ್ಮಕ್ಕ. ಸೊಂಟದ್ದು. ಡಾಕ್ಟ್ರು ಕೊಟ್ಟದ್ದು."

"ಯಾವಾಗಿಂದ?"

"ಮೂರು ವರ್ಷ ಆಯ್ತು."

"ಮೂರು ವರ್ಷ! ಕಟ್ಟೆ ತಗ್ಗಾಯ್ತು ಅಂತ ಆಗಲೇ ಹೇಳಲಿಕ್ಕೆ ಎಂತ ಧಾಡಿ ನಿನಗೆ?"

ಲೋಲಾಕ್ಷಿ ಪಾತ್ರೆಯನ್ನೇ ನೋಡುತ್ತ ಹೇಳಿದಳು: "ನೀವು ಕೇಳ್ಲಿಲ್ಲ ಅಲ್ವಾ."

ಬಾಯಿ ಜೋರಿನ ಪದ್ಮಕ್ಕ ಒಲೆಗೆ ನೀರು ಚಿಮುಕಿಸಿ ಹೊರಟುಬಿಟ್ಟಳು. ಮನೆಗೆ ಹೋಗಿ ಇಡೀ ಮಧ್ಯಾಹ್ನ ಉರಿದಳು. ಮೊದಲು ಲೋಲಾಕ್ಷಿಗೆ ಬಯ್ದಳು, ಕಂಬದ ಹಾಗೆ ಬೆಳೆದದ್ದಕ್ಕೆ. ಆಮೇಲೆ ಮಿಕೆಲ್‌ಗೆ, ಅಳತೆ ಬರೆದದ್ದಕ್ಕೆ. ಸತ್ತ ಮಾಸ್ಟ್ರಿಗೂ ಒಂದು ಪಾಲು ಹೋಯಿತು. ಬಯ್ಯಲು ಯಾರೂ ಉಳಿಯದಾದಾಗ ನಾಚಿಕೆಯಾಯಿತು. ನಿತ್ಯ ಅಲ್ಲಿ ದುಡಿಯುವವಳನ್ನು ಒಂದು ಮಾತು ಕೇಳದೆ ಕಟ್ಟುವುದು ಯಾವ ಸೀಮೆಯ ಓದು ಎಂದು ಮಕ್ಕಳ ಮುಂದೆ ಕುಣಿದವಳು ತಾನೇ. ತನಗಿರುವುದು ಒಂದು ದಿನ. ಲೋಲಾಕ್ಷಿಗೆ ಇನ್ನೂ ಹದಿನೈದು ವರ್ಷದ ದುಡಿಮೆ. ಆದರೂ ಆ ಒಂದು ದಿನದ ಮೇಲೆ ಆಸೆ ಬಿಡಲಿಲ್ಲ ದರಿದ್ರದ್ದು. ಚಹಾ ತಣ್ಣಗಾಗಿ ಕೆನೆಗಟ್ಟುವವರೆಗೂ ಕೂತಿದ್ದಳು.

ಮರುದಿನ ಬೆಳಿಗ್ಗೆ ನೋಣಯ್ಯನ ಮನೆಯ ಬಾಗಿಲಲ್ಲಿ ನಿಂತಿದ್ದಳು. "ನೋಣಯ್ಯಣ್ಣ, ಕರಣೆ ತೆಗೆದುಕೊಳ್ಳಿ. ಒಲೆ ಸಹಿತ ಆ ಕಟ್ಟೆಗೆ ಇನ್ನೊಂದು ಸಾಲು ಕಲ್ಲು ಇಡಬೇಕು."

"ನಿಮಗೆ ಮಂಡೆ ಸರಿ ಉಂಟಾ ಪದ್ಮಕ್ಕ? ಮೇಲೆ ಹಾಸುಕಲ್ಲು ಕೂಡ ಹಾಕಿ ಆಗಿದೆ. ಆ ನಕ್ಷೆಯ ಮಕ್ಕಳು ನನ್ನನ್ನು ಬಿಡ್ತಾರಾ?"

"ಮಕ್ಕಳನ್ನು ನಾನು ನೋಡಿಕೊಳ್ತೇನೆ. ಲೋಲಾಕ್ಷಿಯನ್ನು ಕರೆದು ಅವಳ ಮೊಣಕಾಲು ನೋಡಿ."

ಮಿಕೆಲ್ ಓಡಿ ಬಂದ, ನಕ್ಷೆ ಬಿಡಿಸಿದ, ಬೆರಳಿಟ್ಟು ತೋರಿಸಿದ. ತೃಪ್ತಿ ತುಳುವಿನಲ್ಲಿ ಹೇಳಿದಳು, "ಇದು ನಿಮ್ಮ ಅಳತೆ ಪದ್ಮಕ್ಕ. ಎತ್ತರ ಮಾಡಿದರೆ ಪಾತ್ರೆಯ ಕಿವಿ ನಿಮ್ಮ ಗಲ್ಲಕ್ಕೆ ಬರ್ತದೆ. ನಿಮಗೆ ಬಸಿಯಲಿಕ್ಕೇ ಆಗುವುದಿಲ್ಲ. ಒಂದು ದಿನವಾದರೂ..."

"ಗೊತ್ತುಂಟು ಮಗಾ. ಅವನಿಗೆ ಹೇಳು, ಬರುವ ಸಲ ಎಲ್ಲಿಯಾದರೂ ಅಡುಗೆ ಕೋಣೆ ಕಟ್ಟುವಾಗ ಬಾಯಿ ಜೋರು ಇರುವವಳನ್ನು ಮಾತ್ರ ಕೇಳಬೇಡ ಅಂತ."

ತೃಪ್ತಿ ಅದನ್ನು ಇಂಗ್ಲಿಷಿಗೆ ಹೇಗೆ ಮಾಡಿದಳೋ. ಮಿಕೆಲ್ ನಕ್ಷೆ ಸುತ್ತಿಟ್ಟು ತಾನೇ ಕಲ್ಲು ಹೊರಲು ನಿಂತ.

ಮೇ ಮೂವತ್ತೊಂದು. ಮಕ್ಕಳು ಹೊಸ ಚೀಲ ಹಾಕಿಕೊಂಡು ಬಂದರು. ಹನ್ನೆರಡಕ್ಕೆ ಅನ್ನ ಬೆಂದಿತು. ಹೊರಗೆ ವರ್ಷದ ಮೊದಲ ಜೋರು ಮಳೆ. ಲೋಲಾಕ್ಷಿ ಬಟ್ಟೆ ಹಿಡಿದು ಕಟ್ಟೆಯ ಮುಂದೆ ನಿಂತಳು. ನೆಟ್ಟಗೆ, ಸೊಂಟ ಬಗ್ಗಿಸದೆ. ನಿಂತವಳು ಹಾಗೆಯೇ ಹಿಂದೆ ಸರಿದು, "ಇವತ್ತು ನೀವು" ಎಂದಳು.

"ಎಲ್ಲಿ ಮುಟ್ಟುತ್ತದೆ ಮಾರಾಯ್ತಿ ನನಗೆ? ಬಸಿ, ಮಕ್ಕಳಿಗೆ ಹಸಿವಾಗುತ್ತದೆ."

ಲೋಲಾಕ್ಷಿ ಹೊರಗೆ ಹೋಗಿ ಉಳಿದ ಕೆಂಪುಕಲ್ಲು ನಾಲ್ಕು ತಂದು ಕಟ್ಟೆಯ ಬುಡದಲ್ಲಿ ಒತ್ತಾಗಿ ಇಟ್ಟಳು. ಆಮೇಲೆ ಮಿಕೆಲ್‌ನನ್ನು ಕೈಸನ್ನೆಯಲ್ಲಿ ಕರೆದು, ಗೋಡೆಗೆ ಒರಗಿದ್ದ ಉದ್ಘಾಟನೆಯ ಹಳೆಯ ಕರಿಕಲ್ಲನ್ನು ಇಬ್ಬರೂ ಎತ್ತಿ ತಂದು ಅದರ ಮೇಲೆ ಮಲಗಿಸಿದರು. ಹತ್ತು ಜನ ಗಣ್ಯರೂ ಮಾಡಿನ ಕಡೆಗೆ ಮುಖ ಮಾಡಿ ಮಲಗಿದರು.

ಬಾಗಿಲಲ್ಲಿ ನಿಂತಿದ್ದ ಮಾಜಿದಾ ಟೀಚರ್ ಅಂಗಳದ ಕಡೆ ಒಮ್ಮೆ ತಿರುಗಿ ನೋಡಿದರು. "ಪದ್ಮಕ್ಕ, ಹೆಸರು ಕೆಳಗೆ ಮಾಡಿ ಇಡುವ ಅಲ್ವಾ? ಯಾರಾದರೂ ನೋಡಿದರೆ..."

"ಬೇಡ ಟೀಚರೇ, ಮೇಲೆಯೇ ಇರಲಿ. ಪಾಪ, ಅವರಿಗೂ ಒಂದು ದಿನ ಅಡುಗೆ ಕೋಣೆಯಲ್ಲಿ ಕೆಲಸ ಮಾಡಿದ ಪುಣ್ಯ ಬರಲಿ."

ಬೆಂದ ಎಡಪಾದವನ್ನು ಮೊದಲು ಇಟ್ಟು ಪದ್ಮಕ್ಕ ಕಲ್ಲು ಹತ್ತಿದಳು. ಒಂದು ಕಿವಿ ಅವಳು, ಇನ್ನೊಂದು ಲೋಲಾಕ್ಷಿ. ಎಳೆದರು, ಬಾಗಿಸಿದರು. ಗಂಜಿನೀರು ಹೊಗೆಯಾಡುತ್ತ ತೋಡು ಹಿಡಿದು ಗೋಡೆಯಾಚೆಗೆ ಹೋಯಿತು. ಮಳೆ ಹೊರಗೇ ಉಳಿಯಿತು. ನೀರು ಪೂರ್ತಿ ಇಳಿದ ಮೇಲೂ ಪದ್ಮಕ್ಕ ಸ್ವಲ್ಪ ಹೊತ್ತು ಪಾತ್ರೆಯನ್ನು ಹಾಗೆಯೇ ಹಿಡಿದುಕೊಂಡಿದ್ದಳು.

"ಪದ್ಮಕ್ಕ, ಈ ಕಲ್ಲು ನಾಳೆ ಎಂತ ಮಾಡುವುದು?"

"ನಾಳೆ ನಿನಗೆ ಬೇಡ ಅಲ್ವಾ, ನೀನು ಉದ್ದ ಇದ್ದೀ" ಎಂದು ಪದ್ಮಕ್ಕ ಅವಳ ಹೆಗಲು ಹಿಡಿದುಕೊಂಡು ಕೆಳಗಿಳಿದಳು. "ಹೊರಗೆ ನಳ್ಳಿಯ ಹತ್ತಿರ ಹಾಕು. ಮಕ್ಕಳು ಬಟ್ಟಲು ತೊಳೆಯುವಾಗ ಕಾಲು ಕೆಸರಾಗುವುದಿಲ್ಲ."