ಪಬ್ಬಿನ ಮೆಟ್ಟಿಲವರೆಗೆ ಅಪ್ಪ

ನಮ್ಮಪ್ಪ ಎಫ್ರಾಯಿಮ್ ಎರಡನೇ ಮಹಾಯುದ್ಧಕ್ಕೆ ಹೋದದ್ದಲ್ಲ. ಯುದ್ಧವೇ ಕ್ವೀನ್ಸ್‌ಲ್ಯಾಂಡಿನ ಉತ್ತರ ತುದಿಯಾಚೆಯ ನಮ್ಮ ಥರ್ಸ್‌ಡೇ ದ್ವೀಪಕ್ಕೆ ಬಂತು. ಮುತ್ತಿನ ಚಿಪ್ಪಿಗಾಗಿ ಸಮುದ್ರದಲ್ಲಿ ಮುಳುಗುತ್ತಿದ್ದವನಿಗೆ ಖಾಕಿ ತೊಡಿಸಿ ಗುಡ್ಡದ ಮೇಲಿನ ಫಿರಂಗಿಯ ಪಕ್ಕ ನಿಲ್ಲಿಸಿದರು. ಆ ಫಿರಂಗಿ ಅವನ ಎಡಗಿವಿಯನ್ನು ತಿಂದುಹಾಕಿತು. ಯುದ್ಧ ಮುಗಿದ ಮೇಲೆ ಮತ್ತೆ ಚಿಪ್ಪಿನ ದೋಣಿ ಹತ್ತಿದ. ಅವ್ವ ಬೈಯುವಾಗ ಎಡಗಿವಿ ಅವಳ ಕಡೆ ಮಾಡಿ ಕೂರುವುದೊಂದೇ ಯುದ್ಧದಿಂದ ಅವನಿಗಾದ ಲಾಭ.

ಪ್ರತಿ ಏಪ್ರಿಲ್‌ನಲ್ಲಿ ಹಳೆಯ ಸೈನಿಕರ ಕವಾಯತು. ಅಪ್ಪ ಬೂಟಿಗೆ ಪಾಲಿಶ್ ಹಾಕಿ, ಬಿಳಿಯರ ಜೊತೆ ಹೆಜ್ಜೆ ಹಾಕುತ್ತ ಪಬ್ಬಿನ ಮೆಟ್ಟಿಲವರೆಗೆ ಹೋಗುತ್ತಿದ್ದ. ಅವನ ಕವಾಯತು ಅಲ್ಲಿಗೆ ಮುಗಿಯುತ್ತಿತ್ತು. ದ್ವೀಪದ ಮೂಲ ಜನರಾದ ನಮ್ಮನ್ನು ಒಳಗೆ ಕುಡಿಯಲು ಕಾನೂನು ಬಿಡುತ್ತಿರಲಿಲ್ಲ.

"ಇಲ್ಲೇ ಇರು ಎಫ್ರಾಯಿಮ್, ನಿಂಗೊಂದು ಶರಬತ್ತು ತರ್ತೀನಿ," ಎಂದು ಜೊತೆಗಾರನೊಬ್ಬ ಒಳಗೆ ಹೋಗುತ್ತಿದ್ದ. ಒಳಗೆ ಹೋದವನಿಗೆ ಶರಬತ್ತು ಎಲ್ಲಿ ನೆನಪಿರುತ್ತದೆ? ಅಪ್ಪ ಒಂದಷ್ಟು ಹೊತ್ತು ಬಿಸಿಲಲ್ಲಿ ನಿಂತು ಮನೆಗೆ ಬರುತ್ತಿದ್ದ.

ನಾನು ಹೊಟ್ಟೆಪಾಡಿಗೆ ಕ್ವೀನ್ಸ್‌ಲ್ಯಾಂಡಿನ ರೈಲು ಹಳಿ ಕೆಲಸಕ್ಕೆ ಸೇರಿದೆ. ಮೊಳೆಗಿಂತ ಸ್ವಂತ ಹೆಬ್ಬೆರಳಿಗೇ ಹೆಚ್ಚು ಸುತ್ತಿಗೆಯೇಟು ಕೊಟ್ಟವನೆಂಬ ಕೀರ್ತಿ ನನ್ನದು. ಅಷ್ಟರಲ್ಲಿ ಕಾನೂನು ಬದಲಾಯಿತು. ನಮ್ಮವರೂ ಪಬ್ಬಿಗೆ ಹೋಗಬಹುದಂತೆ. ಊರಿಂದ ಕೆಲಸಕ್ಕೆ ಬಂದವನೊಬ್ಬ ಅಪ್ಪನ ಮಾತು ಹೊತ್ತು ತಂದ.

"'ಮಗ ಬರ್ಲಿ, ಅವನ ಜೊತೇನೇ ಒಳಗೆ ಕಾಲಿಡ್ತೀನಿ' ಅಂತ ಕೂತಿದ್ದಾನೆ ನಿಮ್ಮಪ್ಪ. ತಿಕ್ಕಿ ತಿಕ್ಕಿ ಬೂಟಿನ ಚರ್ಮ ಸವೆದುಹೋಯ್ತು. ಬೇಗ ಹೋಗೋ ಮಾರಾಯ!"

ರಜೆ ಸಿಗಲು ಮಳೆಗಾಲ ಕಳೆಯಬೇಕಾಯಿತು. ಹೊಸ ಟೋಪಿ, ಹೊಸ ಬೂಟಿನಲ್ಲಿ ಹಡಗುಕಟ್ಟೆಗೆ ಇಳಿದೆ. ಜನ ನನ್ನನ್ನು ಕಂಡವರೇ ಮಾತು ನಿಲ್ಲಿಸಿದರು. ಟೋಪಿಯ ಪ್ರಭಾವ ಎಂದುಕೊಂಡೆ. ಚಿಕ್ಕಪ್ಪ ಮುಖ ತಿರುಗಿಸಿ ಬಲೆ ಬಿಡಿಸತೊಡಗಿದ. ಹೊಟ್ಟೆಯುರಿ ಎಂದುಕೊಂಡೆ. ಅಕ್ಕನ ಗಂಡ ಏನೋಕ್ ಮಾತ್ರ ಬಿಳಿ ಅಂಗಿ ತೊಟ್ಟು ನೇರ ನನ್ನತ್ತ ಬಂದ.

"ಏನ್ ಭಾವ, ಬಿಳಿ ಅಂಗಿ! ಇನ್ನೊಂದು ಮದ್ವೇನಾ? ಅಕ್ಕಂಗೆ ಗೊತ್ತಾ?"

ಭಾವ ನಗಲಿಲ್ಲ. ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡ.

"ಮೊದ್ಲು ಅಪ್ಪನ್ನ ಪಬ್ಬಿಗೆ ಕರ್ಕೊಂಡು ಹೋಗ್ಬೇಕು. ನೀನೂ ಬಾ, ಬಿಟ್ಟಿ ಕುಡಿಯೋಕೆ ನಿನ್ನಷ್ಟು ಯೋಗ್ಯ ಯಾರಿದ್ದಾರೆ?" ಎಂದೆ.

"ಕೂತ್ಕೋ," ಎಂದ ಭಾವ.

ಆಗ ತಿಳಿಯಿತು. ನಮ್ಮಲ್ಲಿ ಸಾವಿನ ಸುದ್ದಿಯನ್ನು ರಕ್ತ ಹಂಚಿಕೊಂಡವರು ಹೇಳುವಂತಿಲ್ಲ. ಮದುವೆಯಿಂದ ನೆಂಟರಾದವರೇ ಬಂದು ಹೇಳಬೇಕು. ಹುಟ್ಟಿದಾಗಿನಿಂದ ನೋಡಿದ ಪದ್ಧತಿ. ಇಡೀ ಕಟ್ಟೆಗೆ ಗೊತ್ತಿದ್ದದ್ದು ಟೋಪಿಯ ಗುಂಗಿನಲ್ಲಿದ್ದ ನನಗೊಬ್ಬನಿಗೆ ಗೊತ್ತಾಗಿರಲಿಲ್ಲ.

"ಯಾವಾಗ?"

"ಇವತ್ತು ಬೆಳಿಗ್ಗೆ. ಬೂಟು ಹಾಕ್ಕೊಂಡು ನಿನ್ನ ಹಡಗು ನೋಡೋಕೆ ಅಂತ ಹೊರಟ್ರು ಮಾವ. ಹೊಸ್ತಿಲಲ್ಲೇ ಕೂತ್ಬಿಟ್ರು. ಮತ್ತೆ ಏಳ್ಲಿಲ್ಲ."

ಮುಂದಿನದ್ದೂ ಭಾವನ ಕಡೆಯವರದೇ ಕೆಲಸ. ಮೀಯಿಸುವುದು, ಖಾಕಿ ತೊಡಿಸುವುದು, ಗುಂಡಿ ತೋಡುವುದು ಯಾವುದನ್ನೂ ಮಗ ಮುಟ್ಟುವಂತಿಲ್ಲ. ಹಳಿ ಎತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಭಾವ ಬೂಟಿನ ದಾರವನ್ನು ಸಡಿಲವಾಗಿ ಕಟ್ಟಿದ. ಅಪ್ಪ ಹಾಗೆ ಕಟ್ಟುತ್ತಿರಲಿಲ್ಲ.

ಮಾರನೆಯ ದಿನ ಮಣ್ಣು ಮಾಡಿ ಬರುವಾಗ ಪಬ್ಬಿನ ಮಾಲೀಕ ಕರೆದ. "ಬಾರಯ್ಯ, ನಿಮ್ಮಪ್ಪನ ಹೆಸರಲ್ಲಿ ಒಂದು ಗ್ಲಾಸು ಕುಡಿದು ಹೋಗು."

ಒಳಗೆ ಹೋದೆ. ಒದ್ದೆ ನೆಲ, ನೊಣ, ತಿರುಗದ ಫ್ಯಾನು. ಮೂಲೆಯ ಮೇಜಿಗೆ ತಲೆಯಾನಿಸಿ ಒಬ್ಬ ಬಿಳಿ ಮುದುಕ ಗೊರಕೆ ಹೊಡೆಯುತ್ತಿದ್ದ. ಶರಬತ್ತು ತರುತ್ತೇನೆಂದು ಹೋದವನು ಇವನೇ ಇರಬಹುದು. ಇದಕ್ಕಾಗಿಯೇ ಅಪ್ಪ ಅಷ್ಟು ವರ್ಷ ಬಿಸಿಲಲ್ಲಿ ನಿಂತದ್ದು. ಬಿಯರ್ ಬಂತು. ನೊರೆ ಇಳಿಯಿತು. ಗ್ಲಾಸು ಎತ್ತಲಾಗಲಿಲ್ಲ.

ಹೊರಗೆ ಬಂದರೆ ಭಾವ ಮೆಟ್ಟಿಲ ಕೆಳಗೆ, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದ. ಅವನೂ ಎಂದೂ ಒಳಗೆ ಹೋದವನಲ್ಲ.

"ಒಳಗೆ ಹೇಗಿದ್ಯೋ?"

"ಏನೂ ಇಲ್ಲ ಭಾವ," ಎಂದೆ. "ಅಲ್ಲಿ ಏನೂ ಇಲ್ಲ."